ವೇಗ ಹೆಚ್ಚಿಸಿಕೊಂಡ ಉಗ್ರಾಣ: ಗಣಕಯಂತ್ರದ ಮೆಮೊರಿ ಬದಲಾಗಲಿದೆಯೇ?

ಪುತ್ತೂರು: ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮರದ ಗೆಲ್ಲು ವಿದ್ಯುತ್ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ಹೊಸ ಸುದ್ದಿಯೇನಲ್ಲ. ಯುಪಿಎಸ್ ಕೈಕೊಟ್ಟ ಕಚೇರಿಯಲ್ಲಿ ಆ ಕ್ಷಣಕ್ಕೆ ಅರ್ಧ ಬರೆದಿದ್ದ ಪತ್ರ, ಇನ್ನೂ ಉಳಿಸಿರದ ಲೆಕ್ಕದ ಹಾಳೆ ಮಾಯವಾಗುತ್ತವೆ. ನಿನ್ನೆ ಉಳಿಸಿಟ್ಟದ್ದು ಮಾತ್ರ ಭದ್ರವಾಗಿರುತ್ತದೆ. ಒಂದೇ ಯಂತ್ರದೊಳಗೆ ಮರೆಯುವ ಭಾಗವೊಂದು, ಮರೆಯದ ಭಾಗವೊಂದು ಬೇರೆ ಬೇರೆಯಾಗಿ ಏಕಿರಬೇಕು? ಮರೆಯದ ಭಾಗವೇ ವೇಗವಾಗಿ ಕೆಲಸ ಮಾಡುವಂತಾದರೆ ಮರೆಯುವ ಭಾಗದ ಅಗತ್ಯವಾದರೂ ಏನು?

ಈ ಪ್ರಶ್ನೆ ಪ್ರಯೋಗಾಲಯಗಳ ಕುತೂಹಲವಾಗಿ ಮಾತ್ರ ಉಳಿದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ್‍ಯಾಮ್ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಆ ವರ್ಷದ ಡಿಸೆಂಬರ್ 3ರಂದು ಅಮೆರಿಕದ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ಮೆಮೊರಿ ಮಾರುವ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಅದಕ್ಕೂ ಮುನ್ನ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲಾವಧಿ ಮುಗಿದಿತ್ತು. ಹಳೆಯ ಯಂತ್ರಗಳನ್ನು ಬದಲಿಸಬೇಕಾದ ಹೊತ್ತಿಗೇ ಮೆಮೊರಿ ದುಬಾರಿಯಾದದ್ದು ಸಣ್ಣ ಊರಿನ ಕಚೇರಿ, ಶಾಲೆ, ಸೊಸೈಟಿಗಳಿಗೆ ಬಿದ್ದ ಎರಡು ಪೆಟ್ಟು. ದುಬಾರಿ ರ್‍ಯಾಮ್‌ನ ಕೆಲಸವನ್ನು ವೇಗದ ಸಂಗ್ರಹದಿಂದ ಮಾಡಿಸಬಹುದೇ ಎಂಬ ವಿಚಾರ ಈ ಹಿನ್ನೆಲೆಯಲ್ಲಿ ಮಹತ್ವ ಪಡೆದಿದೆ.

ಮೇಜು ಮತ್ತು ಗೋದಾಮು

ಅಡಿಕೆ ವ್ಯಾಪಾರಿಯ ಅಂಗಡಿಯನ್ನು ನೆನೆದರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಮುಂದೆ ಮೇಜು, ತಕ್ಕಡಿ. ಆ ಹೊತ್ತಿಗೆ ತೂಗಬೇಕಾದ, ಆರಿಸಬೇಕಾದ ಅಡಿಕೆ ಮಾತ್ರ ಅಲ್ಲಿರುತ್ತದೆ. ಹಿಂದೆ ಗೋದಾಮು, ನೂರಾರು ಗೋಣಿಗಳ ರಾಶಿ. ಮೇಜಿನ ಮೇಲಿನದಕ್ಕೆ ಕೈ ಚಾಚಿದರೆ ಸಾಕು. ಗೋದಾಮಿನದನ್ನು ಹೊತ್ತು ತರಬೇಕು. ಮೇಜು ಚಿಕ್ಕದು, ಸಂಜೆಗೆ ಖಾಲಿಯಾಗುತ್ತದೆ. ಗೋದಾಮು ದೊಡ್ಡದು, ಬೀಗ ಹಾಕಿದರೂ ಸರಕು ಅಲ್ಲೇ ಇರುತ್ತದೆ. ಗಣಕಯಂತ್ರದಲ್ಲಿ ಮೇಜಿನ ಸ್ಥಾನ ರ್‍ಯಾಮ್‌ನದು. ಗೋದಾಮಿನ ಸ್ಥಾನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯದು.

ಇಂದು ಎಲ್ಲೆಡೆ ಬಳಕೆಯಲ್ಲಿರುವ ಡಿ-ರ್‍ಯಾಮ್‌ನ ಕಲ್ಪನೆ 1966ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ ಹೊಳೆದದ್ದು. ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್: ಇಷ್ಟರಲ್ಲಿ ಒಂದು ಬಿಟ್ ಮಾಹಿತಿ ಅಡಗುತ್ತದೆ. ಆದರೆ ಕೆಪ್ಯಾಸಿಟರಿನಲ್ಲಿ ತುಂಬಿದ ವಿದ್ಯುದಂಶ ತೂತು ಕೊಡದಲ್ಲಿನ ನೀರಿನಂತೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಪುನಃ ತುಂಬಬೇಕಾಗುತ್ತದೆ. ಕರೆಂಟು ಹೋದರೆ ತುಂಬುವವರಿಲ್ಲ, ನೆನಪೂ ಇಲ್ಲ.

ಇಲ್ಲೊಂದು ಐತಿಹಾಸಿಕ ಸ್ವಾರಸ್ಯವಿದೆ. ಡಿ-ರ್‍ಯಾಮ್‌ಗೆ ಮೊದಲು, 1950 ಮತ್ತು 60ರ ದಶಕಗಳಲ್ಲಿ, ಗಣಕಗಳು ಕಾಂತೀಯ ಉಂಗುರಗಳ ‘ಕೋರ್’ ಮೆಮೊರಿಯನ್ನು ಬಳಸುತ್ತಿದ್ದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಿರ್ಮಾಣಗೊಂಡ ‘ಟಿಫ್ರಾಕ್’ ಗಣಕದಲ್ಲಿಯೂ ಇದ್ದದ್ದು ಅದೇ. ಕರೆಂಟು ಹೋದರೂ ಆ ಉಂಗುರಗಳು ಮಾಹಿತಿಯನ್ನು ಮರೆಯುತ್ತಿರಲಿಲ್ಲ. 1970ರಲ್ಲಿ ಇಂಟೆಲ್ ಕಂಪನಿಯ ‘1103’ ಎಂಬ ಡಿ-ರ್‍ಯಾಮ್ ಚಿಪ್ಪು ಮಾರುಕಟ್ಟೆಗೆ ಬಂದ ಮೇಲೆ, ಕೈಯಲ್ಲಿ ಪೋಣಿಸಬೇಕಾಗಿದ್ದ ಕೋರ್ ಮೆಮೊರಿ ಬೆಲೆಯಲ್ಲಿ ಸೋತು ಮೂಲೆಗುಂಪಾಯಿತು. ಮರೆವು ಗಣಕಯಂತ್ರದ ಹುಟ್ಟುಗುಣವಲ್ಲ, ಅಗ್ಗಕ್ಕಾಗಿ ಮನುಷ್ಯ ಒಪ್ಪಿಕೊಂಡ ಕೊರತೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದಿನ ಬೆಳವಣಿಗೆಗಳನ್ನು ಅಳೆಯುವಾಗಲೂ ಈ ಮಾತು ನೆನಪಿನಲ್ಲಿರಬೇಕು.

ಅಂತರ ಎಷ್ಟಿತ್ತು, ಎಷ್ಟಾಯಿತು?

ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡು ಬೇಕು. ಓದುವ ಮುಳ್ಳು ಸರಿಯುವ ಸಮಯವನ್ನೂ ಸೇರಿಸಿದರೆ ಬೇಕಾದ ಮಾಹಿತಿ ಕೈಗೆ ಸಿಗಲು ಸುಮಾರು 10 ಮಿಲಿಸೆಕೆಂಡು. ರ್‍ಯಾಮ್‌ಗೆ ಸಾಕಾಗುವುದು ಸುಮಾರು 100 ನ್ಯಾನೊಸೆಕೆಂಡು. ಅಂದರೆ ಲಕ್ಷಪಟ್ಟು ಅಂತರ. ರ್‍ಯಾಮ್‌ನ ಒಂದು ಓದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿದರೆ, ಹಾರ್ಡ್ ಡಿಸ್ಕಿನ ಒಂದು ಓದಿಗೆ ಸುಮಾರು 28 ಗಂಟೆ ಕಾಯಬೇಕು!

ಈ ಅಂತರವನ್ನು ಮೊದಲು ಕುಗ್ಗಿಸಿದ್ದು ಫ್ಲಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುಓಕ ಅವರು 1987ರಲ್ಲಿ ಲೋಕಕ್ಕೆ ಪರಿಚಯಿಸಿದ ‘ನ್ಯಾಂಡ್’ ಫ್ಲಾಶ್ ಇಂದು ಪೆನ್ ಡ್ರೈವ್, ಮೊಬೈಲ್, ಎಸ್‌ಎಸ್‌ಡಿ ಎಲ್ಲದರ ಒಡಲಲ್ಲೂ ಇದೆ. ತಿರುಗುವ ತಟ್ಟೆಯಿಲ್ಲದ ಕಾರಣ ಅದರ ಓದಿಗೆ ಸುಮಾರು 100 ಮೈಕ್ರೊಸೆಕೆಂಡು ಸಾಕು. ಅದೇ ಲೆಕ್ಕಾಚಾರದಲ್ಲಿ 28 ಗಂಟೆಯ ಕಾಯುವಿಕೆ ಸುಮಾರು 17 ನಿಮಿಷಕ್ಕೆ ಇಳಿದಂತಾಯಿತು. ಡಿಸ್ಕಿಗೆಂದೇ ರೂಪಿಸಿದ್ದ ಹಳೆಯ ಸಂಪರ್ಕ ನಿಯಮಗಳು ಈ ವೇಗಕ್ಕೆ ಅಡ್ಡಿಯಾದುದರಿಂದ 2011ರಲ್ಲಿ ‘ಎನ್‌ವಿಎಂಇ’ ಎಂಬ ಹೊಸ ಮಾನದಂಡ ಬಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವೇಗ ಎಂಬ ಒಂದೇ ಶಬ್ದದಲ್ಲಿ ಎರಡು ಅಳತೆಗಳು ಬೆರೆತಿವೆ. ಕೇಳಿದ್ದು ಬರಲು ಎಷ್ಟು ಹೊತ್ತು ಎಂಬುದು ಒಂದು. ಬರಲು ಶುರುವಾದ ಮೇಲೆ ಎಷ್ಟು ಬರುತ್ತದೆ ಎಂಬುದು ಇನ್ನೊಂದು. ಗೋದಾಮಿನಿಂದ ಲಾರಿ ಬರಲು ಅರ್ಧ ದಿನ ಹಿಡಿದರೂ ಬಂದಾಗ ಅದು ನೂರು ಗೋಣಿ ತರಬಲ್ಲದು. ಇತ್ತೀಚಿನ ಉತ್ತಮ ಎಸ್‌ಎಸ್‌ಡಿಗಳು ಸೆಕೆಂಡಿಗೆ ಸುಮಾರು 14 ಗಿಗಾಬೈಟ್ ಹರಿಸುತ್ತವೆ. ಸಾಮಾನ್ಯ ಮೇಜುಗಣಕದ ಡಿಡಿಆರ್5 ಮೆಮೊರಿಯ ಹರಿವು ಸುಮಾರು 90 ಗಿಗಾಬೈಟ್. ಹರಿವಿನ ಅಂತರ ಆರೇಳು ಪಟ್ಟಿಗೆ ಇಳಿದಿದೆ. ಆದರೆ ಕಾಯುವಿಕೆಯ ಅಂತರ ಇಂದಿಗೂ ಸಾವಿರಪಟ್ಟಿನ ಆಸುಪಾಸಿನಲ್ಲಿದೆ. ಯಾವ ಕೆಲಸವನ್ನು ಸಂಗ್ರಹಕ್ಕೆ ಬಿಟ್ಟುಕೊಡಬಹುದು, ಯಾವುದನ್ನು ಕೊಡಲಾಗದು ಎಂಬ ನಿರ್ಧಾರ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಕಾಯುವ ಕಾಲಕ್ಕೆ ಕಟ್ಟಿದ ಮನೆ

ಕಳೆದ ಆರು ದಶಕಗಳ ಗಣಕ ವಿನ್ಯಾಸವೆಲ್ಲ ಈ ಅಂತರವನ್ನು ಗೃಹೀತವಾಗಿಟ್ಟುಕೊಂಡೇ ಬೆಳೆದಿದೆ. 1962ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ಚಾಲನೆಗೊಂಡ ‘ಅಟ್ಲಾಸ್’ ಗಣಕವು, ಚಿಕ್ಕ ಮೆಮೊರಿಯನ್ನು ದೊಡ್ಡದೆಂದು ಪ್ರೋಗ್ರಾಮುಗಳಿಗೆ ತೋರಿಸುವ ‘ವರ್ಚುವಲ್ ಮೆಮೊರಿ’ ಉಪಾಯವನ್ನು ಬಳಕೆಗೆ ತಂದಿತು. ಬೇಕಾದ ಪುಟವನ್ನು ಒಳತರುವುದು, ಬೇಡದ್ದನ್ನು ಹೊರಗಟ್ಟುವುದು ಅದರ ತಿರುಳು. ಹೊರಗಿನಿಂದ ಪುಟ ಬರುವ ತನಕ ಕಾರ್ಯಾಚರಣ ವ್ಯವಸ್ಥೆಯು ಆ ಪ್ರೋಗ್ರಾಮನ್ನು ಮಲಗಿಸಿ ಇನ್ನೊಂದನ್ನು ಎಬ್ಬಿಸುತ್ತದೆ.

ಹೀಗೆ ಮಲಗಿಸಿ ಎಬ್ಬಿಸುವುದಕ್ಕೂ ಕೆಲವು ಮೈಕ್ರೊಸೆಕೆಂಡು ಖರ್ಚಾಗುತ್ತದೆ. 10,000 ಮೈಕ್ರೊಸೆಕೆಂಡು ಕಾಯಿಸುತ್ತಿದ್ದ ಡಿಸ್ಕಿನ ಮುಂದೆ ಆ ಖರ್ಚು ಲೆಕ್ಕಕ್ಕೇ ಇರಲಿಲ್ಲ. ಸಂಗ್ರಹವೇ ಹತ್ತು ಮೈಕ್ರೊಸೆಕೆಂಡಿಗೆ ಉತ್ತರಿಸತೊಡಗಿದರೆ ಸ್ಥಿತಿ ತಲೆಕೆಳಗಾಗುತ್ತದೆ. ಆಗ ತಡ ಮಾಡುವುದು ಉಗ್ರಾಣವಲ್ಲ, ಉಗ್ರಾಣದ ಗುಮಾಸ್ತ. ಆದ್ದರಿಂದಲೇ ವೇಗದ ಸಂಗ್ರಹ ಬಂದಾಗ ಚಿಪ್ಪೊಂದನ್ನು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಕಾರ್ಯಾಚರಣ ವ್ಯವಸ್ಥೆ, ದತ್ತಾಂಶ ಕೋಶ, ಪ್ರೋಗ್ರಾಮು ಬರೆಯುವ ಕ್ರಮ ಎಲ್ಲವೂ ಬದಲಾಗಬೇಕು.

ಆಪ್ಟೇನ್ ಕಲಿಸಿದ ಪಾಠ

ಮೆಮೊರಿ, ಸಂಗ್ರಹಗಳ ನಡುವಣ ಗೋಡೆಯನ್ನು ಕೆಡವುವ ಅತಿದೊಡ್ಡ ಪ್ರಯತ್ನ 2015ರ ಜುಲೈಯಲ್ಲಿ ಘೋಷಣೆಯಾಯಿತು. ಇಂಟೆಲ್ ಮತ್ತು ಮೈಕ್ರಾನ್ ಜಂಟಿಯಾಗಿ ಪ್ರಕಟಿಸಿದ ‘3ಡಿ ಎಕ್ಸ್‌ಪಾಯಿಂಟ್’ ತಂತ್ರಜ್ಞಾನ ಫ್ಲಾಶಿಗಿಂತ ಸಾವಿರಪಟ್ಟು ವೇಗದ್ದೆಂದೂ ಸಾಂಪ್ರದಾಯಿಕ ಮೆಮೊರಿಗಿಂತ ಹತ್ತುಪಟ್ಟು ಸಾಂದ್ರವೆಂದೂ ಆಗ ಹೇಳಲಾಗಿತ್ತು. ಇಂಟೆಲ್ ಇದನ್ನು ‘ಆಪ್ಟೇನ್’ ಹೆಸರಿನಲ್ಲಿ ಮಾರಿತು. 2019ರಲ್ಲಿ ರ್‍ಯಾಮ್ ಕೂರುವ ಜಾಗದಲ್ಲಿಯೇ ಕೂರಿಸಬಹುದಾದ 128, 256 ಮತ್ತು 512 ಗಿಗಾಬೈಟ್‌ಗಳ ಆಪ್ಟೇನ್ ಪಟ್ಟಿಗಳು ಸರ್ವರ್‌ಗಳಿಗೆ ಬಂದವು. ಅವುಗಳ ಓದಿಗೆ ಸುಮಾರು 300 ನ್ಯಾನೊಸೆಕೆಂಡು. ಅಂದರೆ ಹಿಗ್ಗಿಸಿದ ಗಡಿಯಾರದಲ್ಲಿ ಬರೇ ಮೂರು ಸೆಕೆಂಡು. ಕರೆಂಟು ಹೋದರೂ ಮಾಹಿತಿ ಹೋಗದು.

ಆದರೂ ಆಪ್ಟೇನ್ ಉಳಿಯಲಿಲ್ಲ. 2021ರ ಮಾರ್ಚಿಯಲ್ಲಿ ಮೈಕ್ರಾನ್ ಹೊರನಡೆದು, ಅಮೆರಿಕದ ಯೂಟಾ ರಾಜ್ಯದ ಲೀಹೈಯಲ್ಲಿದ್ದ ಕಾರ್ಖಾನೆಯನ್ನು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಮಾರಲು ಒಪ್ಪಿಕೊಂಡಿತು. 2022ರ ಜುಲೈಯಲ್ಲಿ ಇಂಟೆಲ್ ಕೂಡ ಅಂಗಡಿ ಮುಚ್ಚುವ ನಿರ್ಧಾರ ಪ್ರಕಟಿಸಿ, ಉಳಿದ ದಾಸ್ತಾನಿನ ಬಾಬ್ತು 55.9 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು.

ಸೋತದ್ದು ವಿಜ್ಞಾನವಲ್ಲ, ವ್ಯಾಪಾರ. ಆಪ್ಟೇನ್ ಫ್ಲಾಶಿಗಿಂತ ವೇಗವಾಗಿತ್ತು, ಆದರೆ ಬಹಳ ದುಬಾರಿ. ರ್‍ಯಾಮ್‌ಗಿಂತ ಅಗ್ಗವಾಗಿತ್ತು, ಆದರೆ ನಿಧಾನ. ಇಂಟೆಲ್‌ನ ಆಯ್ದ ಪ್ರೊಸೆಸರುಗಳಲ್ಲಿ ಮಾತ್ರ ಆ ಪಟ್ಟಿಗಳು ಕೆಲಸ ಮಾಡುತ್ತಿದ್ದವು. ಪೂರ್ಣ ಲಾಭ ಪಡೆಯಲು ಪ್ರೋಗ್ರಾಮುಗಳನ್ನು ತಿದ್ದಿ ಬರೆಯಬೇಕಿತ್ತು. ಕೊಳ್ಳುವವರು ಕಡಿಮೆಯಾದುದರಿಂದ ಉತ್ಪಾದನೆ ಹೆಚ್ಚಲಿಲ್ಲ. ಉತ್ಪಾದನೆ ಹೆಚ್ಚದುದರಿಂದ ಬೆಲೆ ಇಳಿಯಲಿಲ್ಲ. 1970ರಲ್ಲಿ ಕೋರ್ ಮೆಮೊರಿಯನ್ನು ಹಿಂದಿಕ್ಕಿದ ಬೆಲೆಯ ನಿಯಮವೇ ಆಪ್ಟೇನನ್ನೂ ಹಿಂದಿಕ್ಕಿತು.

ಮರೆಯದ ಮೆಮೊರಿಗೆ ಇನ್ನೊಂದು ತೊಡಕೂ ಇದೆ. ಯಂತ್ರ ಸ್ತಬ್ಧವಾದಾಗ ‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂಬುದು ಎಲ್ಲರಿಗೂ ಗೊತ್ತಿರುವ ಮದ್ದು. ಈ ಮದ್ದು ಫಲಿಸುವುದು ರ್‍ಯಾಮ್ ಮರೆಯುವುದರಿಂದಲೇ. ಮೆಮೊರಿ ಮರೆಯದೆ ಹೋದರೆ ಅದರೊಳಗಿನ ತಪ್ಪೂ ಹಾಗೆಯೇ ಉಳಿಯುತ್ತದೆ. ಗುಪ್ತಪದವೂ ಉಳಿಯುತ್ತದೆ. ಮಾರಿಹೋದ ಯಂತ್ರದಿಂದ ಅದನ್ನು ಕದಿಯುವ ಅಪಾಯವಿರುತ್ತದೆ. ಆದ್ದರಿಂದ ಮಾಹಿತಿಯನ್ನು ಸಂಕೇತೀಕರಿಸಿ ಇಡುವ ಹೊಣೆ ಮೆಮೊರಿಗೂ ಬರುತ್ತದೆ.

ಬೀಳದಿದ್ದರೂ ತೆಳುವಾದ ಗೋಡೆ

ಆಪ್ಟೇನ್ ಸೋತರೂ ಅದು ಎತ್ತಿದ ಪ್ರಶ್ನೆ ಸೋಲಲಿಲ್ಲ. ಗೋಡೆಯನ್ನು ಕೆಡವುವ ಬದಲು ಅದರಲ್ಲಿ ದೊಡ್ಡ ಬಾಗಿಲು ತೆರೆಯುವ ದಾರಿಯನ್ನು ವಿನ್ಯಾಸಕಾರರು ಹಿಡಿದರು. ಇದಕ್ಕೆ ಉತ್ತಮ ನಿದರ್ಶನ ಆಟದ ಯಂತ್ರಗಳದು. ಸೋನಿ ಕಂಪನಿಯ ಪ್ಲೇಸ್ಟೇಷನ್ 3ರಲ್ಲಿ ಒಟ್ಟು 512 ಮೆಗಾಬೈಟ್ ಮೆಮೊರಿಯಿತ್ತು. ಪ್ಲೇಸ್ಟೇಷನ್ 4ರಲ್ಲಿ ಅದು 16 ಪಟ್ಟು ಹೆಚ್ಚಿ 8 ಗಿಗಾಬೈಟ್ ಆಯಿತು. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಹೆಚ್ಚಿದ್ದು ಎರಡೇ ಪಟ್ಟು, 16 ಗಿಗಾಬೈಟ್. ಆದರೆ ಅದಕ್ಕೆ ಸೆಕೆಂಡಿಗೆ 5.5 ಗಿಗಾಬೈಟ್ ಓದುವ ಎಸ್‌ಎಸ್‌ಡಿಯನ್ನು ಜೋಡಿಸಲಾಯಿತು. ಮುಂದಿನ ಅರ್ಧ ನಿಮಿಷಕ್ಕೆ ಬೇಕಾಗಬಹುದಾದ್ದನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳುವ ಬದಲು ಬೇಕಾದಾಗ ತರಿಸಿಕೊಂಡರಾಯಿತು ಎಂಬುದು ಅದರ ತರ್ಕ. ಮೇಜು ಅಷ್ಟಾಗಿ ಬೆಳೆಯಲಿಲ್ಲ. ಗೋದಾಮಿನ ದಾರಿ ಅಗಲವಾಯಿತು.

ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿಯೂ ಇದೇ ಪ್ರಯತ್ನ ನಡೆದಿದೆ. 700 ಕೋಟಿ ಅಂಕಗಳುಳ್ಳ ಒಂದು ಭಾಷಾ ಮಾದರಿಯನ್ನು 16 ಬಿಟ್‌ಗಳಲ್ಲಿ ಇಡಲು ಸುಮಾರು 14 ಗಿಗಾಬೈಟ್ ಬೇಕು. ಸಾಧಾರಣ ಮೊಬೈಲಿನಲ್ಲಿ ಅಷ್ಟು ರ್‍ಯಾಮ್ ಇರುವುದಿಲ್ಲ. ಮಾದರಿಯನ್ನು ಫ್ಲಾಶಿನಲ್ಲಿಯೇ ಇಟ್ಟು, ಆಯಾ ಕ್ಷಣಕ್ಕೆ ಬೇಕಾದ ಭಾಗವನ್ನು ಮಾತ್ರ ರ್‍ಯಾಮ್‌ಗೆ ತರುವ ಮೂಲಕ, ಇರುವ ರ್‍ಯಾಮ್‌ಗಿಂತ ಎರಡು ಪಟ್ಟು ದೊಡ್ಡ ಮಾದರಿಯನ್ನು ನಡೆಸಬಹುದೆಂದು ಆಪಲ್ ಕಂಪನಿಯ ಸಂಶೋಧಕರು 2023ರ ಡಿಸೆಂಬರಿನಲ್ಲಿ ಪ್ರಬಂಧವೊಂದರಲ್ಲಿ ತೋರಿಸಿದರು. ಸ್ಯಾನ್‌ಡಿಸ್ಕ್ ಕಂಪನಿ 2025ರ ಫೆಬ್ರವರಿಯಲ್ಲಿ, ಫ್ಲಾಶ್ ಚಿಪ್ಪುಗಳನ್ನು ಒಂದರ ಮೇಲೊಂದು ಪೇರಿಸಿ ಹರಿವು ಹೆಚ್ಚಿಸುವ ‘ಹೈ ಬ್ಯಾಂಡ್‌ವಿಡ್ತ್ ಫ್ಲಾಶ್’ ಯೋಜನೆಯನ್ನು ಮುಂದಿಟ್ಟಿತು. ಅದೇ ಆಗಸ್ಟಿನಲ್ಲಿ ಕೊರಿಯದ ಎಸ್‌ಕೆ ಹೈನಿಕ್ಸ್ ಜೊತೆ ಸಮಾನ ಮಾನದಂಡಕ್ಕಾಗಿ ಒಪ್ಪಂದವಾಯಿತು.

ಆದರೆ ಫ್ಲಾಶಿನ ಸ್ವಭಾವವನ್ನು ಮರೆಯುವಂತಿಲ್ಲ. ಅದರ ಪ್ರತಿಯೊಂದು ಕೋಶಕ್ಕೂ ಅಳಿಸಿ ಬರೆಯುವ ಆಯುಸ್ಸು ಮಿತವಾದದ್ದು. ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ಅದು ಕೆಲವು ಸಾವಿರ ಸಲಗಳ ಒಳಗೆ. ರ್‍ಯಾಮ್‌ನಲ್ಲಿ ಒಂದೇ ಜಾಗಕ್ಕೆ ಸೆಕೆಂಡಿಗೆ ಲಕ್ಷಾಂತರ ಸಲ ಬರೆದರೂ ಅದು ಸವೆಯದು. ಬಹಳ ಓದಿ ಕಡಿಮೆ ಬರೆಯುವ ಕೆಲಸವನ್ನು ಫ್ಲಾಶ್ ವಹಿಸಿಕೊಳ್ಳಬಲ್ಲದು. ಕ್ಷಣಕ್ಷಣಕ್ಕೂ ತಿದ್ದುವ ಕೆಲಸ ರ್‍ಯಾಮ್‌ನಲ್ಲಿಯೇ ಉಳಿಯಬೇಕು. ವೇಗದ ಸಂಗ್ರಹವು ರ್‍ಯಾಮನ್ನು ಅಳಿಸಿಹಾಕುವುದಿಲ್ಲ. ಅದರ ಕೆಲಸದ ಪಟ್ಟಿಯನ್ನು ಮೊಟಕುಗೊಳಿಸುತ್ತದೆ ಎಂಬುದೇ ಇದುವರೆಗಿನ ಅನುಭವದ ಸಾರ.

ಬೆಂಗಳೂರಿನ ಬೇರೆ ದಾರಿ

ಮೇಜು, ಗೋದಾಮುಗಳ ನಡುವೆ ಓಡಾಟವನ್ನೇ ತಪ್ಪಿಸಿ, ಸರಕು ಇರುವಲ್ಲಿಯೇ ಲೆಕ್ಕ ಮಾಡಿದರೆ ಹೇಗೆ ಎಂಬ ಚಿಂತನೆ ಇನ್ನೊಂದು ದಿಕ್ಕಿನಲ್ಲಿ ಸಾಗಿದೆ. ಇದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ ರೂಪಿಸಿದ ಅಣುಪದರವೊಂದು 16,500 ಬೇರೆ ಬೇರೆ ವಾಹಕ ಸ್ಥಿತಿಗಳಲ್ಲಿ ಮಾಹಿತಿಯನ್ನು ಹಿಡಿದಿಡುವುದಲ್ಲದೆ ಅಲ್ಲಿಯೇ ಲೆಕ್ಕವನ್ನೂ ಮಾಡಬಲ್ಲದು. ಈ ಸಂಶೋಧನೆ 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೊನ್ನೆ, ಒಂದು ಎಂಬ ಎರಡೇ ಸ್ಥಿತಿಗಳ ಸಾಮಾನ್ಯ ಮೆಮೊರಿ ಕೋಶಕ್ಕೆ ಹೋಲಿಸಿದರೆ ಇದರ ವಿಶೇಷ ಗೊತ್ತಾಗುತ್ತದೆ. ಪ್ರಯೋಗಾಲಯದಿಂದ ಅಂಗಡಿಗೆ ಬರುವ ದಾರಿ ದೀರ್ಘವೇ. ಆಪ್ಟೇನ್ ಎದುರಿಸಿದ ಬೆಲೆಯ ಪರೀಕ್ಷೆಯನ್ನು ಇಂಥ ಪ್ರತಿಯೊಂದು ತಂತ್ರಜ್ಞಾನವೂ ದಾಟಬೇಕಾಗುತ್ತದೆ.

ಮೂರು ತಾಲೂಕುಗಳಿಗೆ ಇದರಿಂದೇನು?

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸಚಿವ ಸಂಪುಟ 2022ರ ಜೂನಿನಲ್ಲಿ ಒಪ್ಪಿತು. ಸಹಕಾರ ಚಳವಳಿ ಆಳವಾಗಿ ಬೇರೂರಿದ ಈ ಭಾಗದಲ್ಲಿ ಬೆಳೆಸಾಲದಿಂದ ಗೊಬ್ಬರದ ಲೆಕ್ಕದವರೆಗೆ ಎಲ್ಲವೂ ಯಂತ್ರದ ಮೇಲೆ ನಿಂತಿದೆ. ಗಣಕಯಂತ್ರದ ಆಯ್ಕೆ ಹೀಗಾಗಿ ಕೃಷಿಕನ ಹಣಕ್ಕೇ ಸಂಬಂಧಿಸಿದ ವಿಷಯ.

ಹಳೆಯ ಯಂತ್ರ ನಿಧಾನವಾಯಿತೆಂದು ಎಸೆಯುವ ಮೊದಲು ಅದರಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕೇ ಎಂದು ನೋಡಬೇಕು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಬಹಳಷ್ಟು ಸಂದರ್ಭಗಳಲ್ಲಿ ಯಂತ್ರಕ್ಕೆ ಮರುಜೀವ ಬರುತ್ತದೆ; 28 ಗಂಟೆಯ ಕಾಯುವಿಕೆ 17 ನಿಮಿಷಕ್ಕೆ ಇಳಿಯುವ ಲೆಕ್ಕ ಇದೇ. 2025ರ ಕೊನೆಗೆ ಫ್ಲಾಶಿನ ಬೆಲೆಯೂ ಏರಿತಾದರೂ ಇಡೀ ಯಂತ್ರ ಕೊಳ್ಳುವುದಕ್ಕಿಂತ ಇದು ಅಗ್ಗ. ಬೆಂಬಲ ಮುಗಿದ ವಿಂಡೋಸ್ ಬದಲಿಗೆ ಲಿನಕ್ಸ್ ಬಳಸುವ ದಾರಿಯೂ ಇದೆ, ಕಚೇರಿಯ ತಂತ್ರಾಂಶ ಅದಕ್ಕೆ ಒಗ್ಗುವುದಾದರೆ. ಆದರೆ ರ್‍ಯಾಮ್ ತೀರಾ ಕಡಿಮೆಯಿದ್ದರೆ ಯಂತ್ರವು ಸದಾ ಎಸ್‌ಎಸ್‌ಡಿಯನ್ನೇ ಮೇಜಿನಂತೆ ಬಳಸುತ್ತದೆ. ಅದರಿಂದ ಕೆಲಸ ತೆವಳುತ್ತದೆ, ಎಸ್‌ಎಸ್‌ಡಿಯೂ ಬೇಗ ಸವೆಯುತ್ತದೆ.

ಎಸ್‌ಎಸ್‌ಡಿ ಇದ್ದರೆ ಯುಪಿಎಸ್ ಬೇಡವೆಂಬ ಭಾವನೆಯೂ ತಪ್ಪು. ಹಲವು ಎಸ್‌ಎಸ್‌ಡಿಗಳು ಬರೆಯಬೇಕಾದ ಮಾಹಿತಿಯನ್ನು ಮೊದಲು ತಮ್ಮೊಳಗಿನ ಪುಟ್ಟ ರ್‍ಯಾಮ್‌ನಲ್ಲಿಟ್ಟುಕೊಳ್ಳುತ್ತವೆ. ಆ ಹೊತ್ತಿಗೆ ಕರೆಂಟು ಹೋದರೆ ಅದು ನಷ್ಟವಾಗಬಹುದು. ಹಠಾತ್ ನಿಲುಗಡೆಯನ್ನು ತಾಳಿಕೊಳ್ಳಲು ಒಳಗೇ ವಿದ್ಯುತ್ ಶೇಖರಿಸಿಟ್ಟುಕೊಳ್ಳುವ ಎಸ್‌ಎಸ್‌ಡಿಗಳು ಸರ್ವರ್ ವರ್ಗದಲ್ಲಿ ಸಿಗುತ್ತವೆ, ಅವು ದುಬಾರಿ. ಇದಲ್ಲದೆ ಕೆಟ್ಟುಹೋದ ಎಸ್‌ಎಸ್‌ಡಿಯಿಂದ ಮಾಹಿತಿ ಮರಳಿ ಪಡೆಯುವುದು ಹಾರ್ಡ್ ಡಿಸ್ಕಿಗಿಂತ ಕಷ್ಟ. ದಿನದ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದಕ್ಕೆ ಬದಲಿ ಉಪಾಯವಿಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲಿ ಸೇರಿಕೊಂಡಿದೆ. ಸುಬ್ರಹ್ಮಣ್ಯ, ಗುಂಡ್ಯದಂಥ ಘಟ್ಟದ ಬುಡದ ಪ್ರದೇಶದಲ್ಲಿ ಮೊಬೈಲ್ ಸಂಕೇತ ಕ್ಷೀಣವಾಗಿರುವ ಜಾಗಗಳಿಗೆ ಕೊರತೆಯಿಲ್ಲ. ಅಲ್ಲಿನ ಕೃಷಿಕ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅಂತರಜಾಲದ ಹಂಗಿಲ್ಲದೆ ಮೊಬೈಲೇ ಉತ್ತರಿಸಬೇಕಾದರೆ, ಕಡಿಮೆ ರ್‍ಯಾಮ್‌ನಲ್ಲಿ ದೊಡ್ಡ ಮಾದರಿಯನ್ನು ನಡೆಸುವ ಕೌಶಲ ಬೇಕು. ದುಬಾರಿ ಮೊಬೈಲಿಗೆ ಮಾತ್ರ ಕನ್ನಡ ಬರುವಂತಾದರೆ ಅದರ ಪ್ರಯೋಜನ ಬೇಕಾದವರಿಗೆ ತಲುಪದು. ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು, ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜುಗಳಂಥ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದು ಕೈಗೆಟಕುವ ಯೋಜನಾಕಾರ್ಯ. ಚಿಪ್ಪು ತಯಾರಿಸಲು ಸಾವಿರಾರು ಕೋಟಿ ಬೇಕು. ಇರುವ ಚಿಪ್ಪಿನಲ್ಲಿ ಯಾವುದನ್ನು ಮೇಜಿನ ಮೇಲಿಡಬೇಕು, ಯಾವುದನ್ನು ಗೋದಾಮಿನಲ್ಲಿ ಬಿಡಬೇಕು ಎಂದು ಜಾಣತನದಿಂದ ನಿರ್ಧರಿಸುವ ತಂತ್ರಾಂಶಕ್ಕೆ ಬೇಕಾದದ್ದು ಬುದ್ಧಿ ಮತ್ತು ತಾಳ್ಮೆ. ಹಳೆಯ ಪಠ್ಯದ ಪಿರಮಿಡ್ ಚಿತ್ರವನ್ನು ಉರುಹಚ್ಚುವುದರಿಂದ ಅದು ಬಾರದು, ಅಳತೆ ಮಾಡಿ ನೋಡುವುದರಿಂದ ಬರುತ್ತದೆ.

ಮೆಮೊರಿಯೂ ಸಂಗ್ರಹವೂ ಒಂದೇ ಆಗುವ ದಿನ ಬರಲಿದೆಯೆಂದು ಕಂಪನಿಗಳು ಹೇಳುತ್ತ ಬಂದಿವೆ. ಅಂಥ ಚಿಪ್ಪು ತಯಾರಾಗಿಯೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ ಎಂಬುದು 2022ರ ಕಹಿ ಸತ್ಯ. ಇನ್ನು ಮುಂದೆ ಬರುವ ಯಾವುದೇ ಹೊಸ ಹೆಸರಿಗೆ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಹೊತ್ತು ಕಾಯಿಸುತ್ತದೆ? ಎಷ್ಟು ಸಲ ಬರೆದರೆ ಸವೆಯುತ್ತದೆ? ಒಂದು ಗಿಗಾಬೈಟಿಗೆ ಬೆಲೆಯೆಷ್ಟು? ಕೊಳ್ಳುವ ಸೊಸೈಟಿಯ ಆಡಳಿತ ಮಂಡಳಿಯೂ ಕಲಿಯುವ ವಿದ್ಯಾರ್ಥಿಯೂ ಈ ಮೂರನ್ನು ಕೇಳುವುದನ್ನು ರೂಢಿಸಿಕೊಂಡರೆ, ಜಾಹೀರಾತಿನ ಅಬ್ಬರಕ್ಕೆ ಹಣವನ್ನೂ ವರ್ಷಗಳನ್ನೂ ತೆರುವುದು ತಪ್ಪುತ್ತದೆ.